ಕಂಬಳಿಯ ಪಿನ್ನು

ಎಕ್ಸ್‌ರೇ ವ್ಯಾನಿನ ಬಾಗಿಲಲ್ಲಿ ಒಂದು ತಗಡಿನ ಡಬ್ಬಿ.
ಒಳಬರುವವರು ಕಂಬಳಿಯ ಪಿನ್ನು ಕಳಚಿ
ಅದರಲ್ಲಿ ಹಾಕಬೇಕು. ಇಲ್ಲದಿದ್ದರೆ
ಎದೆಯ ಚಿತ್ರದ ನಡುವೆ ಅದೂ ನಿಂತುಬಿಡುತ್ತದೆ,
ಬೆಳ್ಳಗೆ, ಪಕ್ಕೆಲುಬಿಗಿಂತ ಸ್ಪಷ್ಟವಾಗಿ.

ಮೊಖೊಟ್ಲೊಂಗ್. ಜುಲೈ ತಿಂಗಳ ಹಿಮ.
ಲೆಸೊಥೊ ಬೆಟ್ಟದ ಜನ, ಕಂಬಳಿ ಹೊದ್ದೇ ಹುಟ್ಟಿದವರಂತೆ,
ಕುದುರೆ ಇಳಿದು ಸಾಲು ನಿಂತಿದ್ದಾರೆ, ಕೆಮ್ಮುತ್ತ.

ಮೂವತ್ತೊಂದು ವರ್ಷ ಎದೆಗಳನ್ನು ಓದಿದ್ದೇನೆ.
ಮೊದಮೊದಲು ಒದ್ದೆ ಫಿಲ್ಮು ಕಿಟಕಿಗೆ ಹಿಡಿದು,
ಹಿಮದ ಬೆಳಕನ್ನೇ ದೀಪ ಮಾಡಿಕೊಂಡು.
ಈ ವರ್ಷ ರಾಜಧಾನಿಯಿಂದ ಒಂದು ಲ್ಯಾಪ್‌ಟಾಪು ಬಂದಿದೆ.
ನಲವತ್ತು ಸೆಕೆಂಡು. ಅಷ್ಟರಲ್ಲಿ
ಎದೆ ಬಗೆದು ನೋಡಿದಂತೆ ಅಂಕಿ ಹೇಳುತ್ತದೆ:
ಕ್ಷಯ, ನೂರಕ್ಕೆ ಇಷ್ಟು.
ಕೆಳಗೆ ಎರಡು ಚೌಕ. ವೈದ್ಯರು ಒಪ್ಪುತ್ತಾರೆ. ಒಪ್ಪುವುದಿಲ್ಲ.
ಮೂರನೆಯದಿಲ್ಲ.

ರೆಲೆಬೊಹಿಲೆ, ನನ್ನ ಅರ್ಧ ವಯಸ್ಸಿನ ಡಾಕ್ಟರು,
ಅಂಕಿ ನೋಡಿ ಆಮೇಲೆ ಚಿತ್ರ ನೋಡುತ್ತಾಳೆ.
ನಾನು ಅಂಕಿಯನ್ನು ಅಂಗೈಯಲ್ಲಿ ಮುಚ್ಚಿಡುತ್ತೇನೆ,
ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ಕಾಣದಿರಲೆಂದು
ಮುಖ ತಿರುಗಿಸಿ ಕೂತ ಹುಡುಗಿಯ ಹಾಗೆ.
ಕೈ ತೆಗೆದಾಗ ಉತ್ತರ ಒಂದೇ ಆಗಿದ್ದರೆ
ಸಣ್ಣ ಖುಷಿ. ಯಾರ ಬಗ್ಗೆ ಎಂದು ಕೇಳಿಕೊಂಡಿಲ್ಲ.

ಸೆಖೊನ್ಯಾನಾ ಬಂದದ್ದು ಮಧ್ಯಾಹ್ನ ಮೂರಕ್ಕೆ,
ಎಂಬತ್ತನೆಯವನಾಗಿ. ವೆಲ್ಕಮ್ಮಿನ ಚಿನ್ನದ ಗಣಿಯಲ್ಲಿ
ಇಪ್ಪತ್ತೆರಡು ವರ್ಷ ಬಂಡೆ ಕೊರೆದವನು.
ಲ್ಯಾಪ್‌ಟಾಪು ಹೇಳಿತು: ತೊಂಬತ್ತೊಂದು.
ನಾನು ನಕ್ಕೆ, ಆ ದಿನ ಮೊದಲ ಸಲ.
"ಕ್ರಿಮಿಯಲ್ಲ ಇದು, ಕಲ್ಲಿನ ಧೂಳು.
ನಿನ್ನ ಯಂತ್ರ ಎಂದಾದರೂ ನೆಲದಡಿ ಇಳಿದಿದೆಯೇ?
ನಮ್ಮಪ್ಪ ಇಳಿದಿದ್ದ. ಅವನ ಎದೆಯೂ ಹೀಗೇ ಇತ್ತು,
ಹಿಡಿ ಜೋಳ ಚೆಲ್ಲಿದ ಹಾಗೆ."
ಎರಡನೆಯ ಚೌಕ ಒತ್ತಿದೆ, ಬೇಕಾದ್ದಕ್ಕಿಂತ ಜೋರಾಗಿ.

ರೆಲೆಬೊಹಿಲೆ ಏನೂ ಅನ್ನಲಿಲ್ಲ.
ಅವನ ಹಿಂದೆ ಓಡಿ ಕಫದ ಬಾಟಲಿ ಹಿಡಿದಳಂತೆ,
ಕುದುರೆಯ ಮೇಲೇ ಕೆಮ್ಮಿಸಿದಳಂತೆ.
ನನಗೆ ಗೊತ್ತಾದದ್ದು ಗುರುವಾರ, ಫಲಿತಾಂಶ ಬಂದ ಮೇಲೆ.

ಕ್ರಿಮಿ ಇತ್ತು.
ಧೂಳೂ ಇತ್ತು.
ಧೂಳು ಕಟ್ಟಿದ ಮನೆಯಲ್ಲಿ ಕ್ರಿಮಿ ಸಂಸಾರ ಹೂಡುತ್ತದೆ
ಎಂದು ಅವಳಿಗೆ ಪಾಠ ಹೇಳಿದವಳು ನಾನೇ,
ಎರಡು ವರ್ಷದ ಹಿಂದೆ, ಸೀಮೆಸುಣ್ಣ ಹಿಡಿದು.

ಆ ರಾತ್ರಿ ಸಿಟ್ಟು ಬರಲಿಲ್ಲ, ಅದೇ ಕಷ್ಟ.
ಮನುಷ್ಯರಾಗಿದ್ದರೆ ಜಗಳ ತೆಗೆಯಬಹುದಿತ್ತು,
"ಹೇಳಿರಲಿಲ್ಲವಾ" ಎಂದು ಹಂಗಿಸಿಕೊಳ್ಳಬಹುದಿತ್ತು.
ಅದು ಮೂಲೆಯಲ್ಲಿ ಸುಮ್ಮನೆ ಚಾರ್ಜಾಗುತ್ತಿತ್ತು.
ತಗಡಿನ ಡಬ್ಬಿಯಲ್ಲಿ ಒಂದು ಪಿನ್ನು ಉಳಿದಿತ್ತು,
ದಪ್ಪನೆಯದು, ತುದಿ ತುಸು ಬಾಗಿದ್ದು.

ಶುಕ್ರವಾರ, ಜೀಪು ಹೋಗುವಷ್ಟು ದೂರ ಜೀಪು,
ಆಮೇಲೆ ಕಾಲು.
ಬಾಗಿಲಿಗೆ ಬಂದವನು ಕಂಬಳಿಯನ್ನು
ಮುಷ್ಟಿಯಲ್ಲಿ ಕೂಡಿಸಿ ಹಿಡಿದಿದ್ದ.
"ಪಿನ್ನು ಬಿಟ್ಟು ಬಂದಿದ್ದಿರಲ್ಲ," ಎಂದೆ.
ಅವನು ಪಿನ್ನು ನೋಡಿದ, ಮಾತ್ರೆಯ ಚೀಲ ನೋಡಿದ,
ನನ್ನ ಒದ್ದೆ ಬೂಟು ನೋಡಿದ.
"ಇಷ್ಟು ಹಿಮದಲ್ಲಿ, ಪಿನ್ನಿಗೆ?"

ನಾನು ತಪ್ಪು ಓದಿದೆ ಎಂದೆ. ಯಾರು ಸರಿ ಓದಿದರು
ಎನ್ನಲು ನಾಲಿಗೆ ಏಳಲಿಲ್ಲ.
"ಹಾಗಾದರೆ ಧೂಳು ಸುಳ್ಳೇ?" ಅವನ ದನಿ ಇಳಿಯಿತು.
ಪರಿಹಾರದ ಅರ್ಜಿ ಒಂಬತ್ತು ವರ್ಷದಿಂದ
ತೊಲೆಯ ಸಂದಿನಲ್ಲಿ ಹಳದಿಯಾಗುತ್ತಿತ್ತು.
ಯಂತ್ರದ ಹಾಳೆಯಲ್ಲಿ ಧೂಳೆಂಬ ಪದವೇ ಇಲ್ಲ.
ಮೊಣಕಾಲ ಮೇಲಿಟ್ಟು ಬರೆದೆ: ಎರಡೂ ನಿಜ.
ಪೆನ್ನು ಹೆಪ್ಪುಗಟ್ಟಿತ್ತು; ಅವನ ಹೆಂಡತಿ ಅದನ್ನು
ಬೆರಣಿಯ ಬೆಂಕಿಗೆ ಹಿಡಿದು ಕೊಟ್ಟಳು.

ಎದ್ದಾಗ ನೆನಪಾಯಿತು, ನಾನಾಗಲಿ ಅದಾಗಲಿ
ಕೇಳದೆ ಬಿಟ್ಟದ್ದು:
"ಈ ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ?"
"ಆರು. ಸಣ್ಣದಕ್ಕೆ ಇನ್ನೂ ವರ್ಷ ತುಂಬಿಲ್ಲ."
"ಸೋಮವಾರ ಎಲ್ಲರೂ ಬನ್ನಿ," ಎಂದೆ.
"ಪಿನ್ನು ಎಣಿಸಿಕೊಂಡು ಬನ್ನಿ."